ತೆರೆಯ ಹಿಂದಿನ ಸ್ವರ: ಭಾಸ್ಕರ ಚಂದಾವರಕರ

ಪುಣೆ, ಕನ್ನಡ, ಸಂಗೀತ ಈ ಮೂರು ಮಾತು ಒಟ್ಟಿಗೆ ಬಂದೊಡನೆ ನಮಗೆ ನೆನಪಾಗುವವರು ಗದಗಿನ ಕಡೆಯಿಂದ ಬಂದು ಇಲ್ಲಿಯೇ ನೆಲೆಸಿದ ಪಂಡಿತ ಭೀಮಸೇನ ಜೋಶಿಯವರು. ಅದು ಸಹಜವೇ. ವೇದಿಕೆಯ ನಡುವೆ ಕುಳಿತು ಹಾಡಿದವರ ಹೆಸರು ಜನರ ನಾಲಿಗೆಯ ಮೇಲೆ ಉಳಿಯುತ್ತದೆ. ಆದರೆ ಇನ್ನೊಬ್ಬರ ನಾಟಕಕ್ಕೆ, ಇನ್ನೊಬ್ಬರ ಚಿತ್ರಕ್ಕೆ ಸ್ವರ ಕೊಟ್ಟು ತಾವು ತೆರೆಯ ಹಿಂದೆ ನಿಂತವರ ಸಂಗತಿ ಹಾಗಲ್ಲ. ಹೆಸರಿನಲ್ಲಿಯೇ ಉತ್ತರ ಕನ್ನಡದ ಚಂದಾವರವನ್ನು ಹೊತ್ತ ಭಾಸ್ಕರ ಚಂದಾವರಕರರು ಅಂಥವರಲ್ಲೊಬ್ಬರು.

ಅವರು ಜನಿಸಿದ್ದು 1936ರ ಮಾರ್ಚ್ 16ರಂದು. ಪಂಡಿತ ರವಿಶಂಕರರಲ್ಲಿ ಸಿತಾರ್ ಕಲಿತರು. ಸಿತಾರ್ ವಾದಕನಿಗೆ ಕಛೇರಿಯ ದಾರಿ ಇದ್ದೇ ಇರುತ್ತದೆ. ಚಂದಾವರಕರರು ಅದರ ಜೊತೆಗೆ ಮೇಷ್ಟರ ದಾರಿಯನ್ನೂ ಹಿಡಿದರು. ನಮ್ಮ ಕ್ಯಾಂಪಿನಿಂದ ಮುಠಾ ನದಿ ದಾಟಿ ಲಾ ಕಾಲೇಜ್ ರಸ್ತೆಗೆ ಹೋದರೆ ಹಳೆಯ ಪ್ರಭಾತ್ ಸ್ಟುಡಿಯೋದ ಆವರಣ ಸಿಗುತ್ತದೆ. ಅಲ್ಲಿ 1960ರಲ್ಲಿ ಆರಂಭವಾದ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಅವರು 1965ರಿಂದ 1980ರವರೆಗೆ, ಹದಿನೈದು ವರ್ಷ ಸಂಗೀತ ಕಲಿಸಿದರು. ಅವರೆದುರು ಕುಳಿತವರು ಗಾಯಕರಾಗಲು ಬಂದವರಲ್ಲ, ಚಿತ್ರ ನಿರ್ದೇಶಕರೂ ಧ್ವನಿಗ್ರಾಹಕರೂ ಆಗಲು ಬಂದವರು. ಚಿತ್ರದಲ್ಲಿ ಸ್ವರ ಎಲ್ಲಿ ಬೇಕು, ಎಲ್ಲಿ ಮೌನವೇ ಲೇಸು ಎಂಬುದು ಅಂಥವರಿಗೆ ತಿಳಿದಿರಲೇಬೇಕಾದ ವಿದ್ಯೆ.

ಈ ಕಾಲದಲ್ಲಿಯೇ ಕನ್ನಡದ ಹೊಸ ಅಲೆಯ ಚಿತ್ರಗಳು ಅವರನ್ನು ಕರೆದವು. ಭೈರಪ್ಪನವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾರ್ನಾಡ ಮತ್ತು ಬಿ. ವಿ. ಕಾರಂತರು ಕೂಡಿ ನಿರ್ದೇಶಿಸಿದ 1971ರ 'ವಂಶವೃಕ್ಷ'ಕ್ಕೆ ಸಂಗೀತ ಚಂದಾವರಕರರದು. ಕಾರಂತರು ಸ್ವತಃ ದೊಡ್ಡ ಸಂಗೀತ ಸಂಯೋಜಕರೆಂಬುದು ರಂಗಭೂಮಿ ಬಲ್ಲವರಿಗೆಲ್ಲ ಗೊತ್ತು. ಅಂಥವರ ಚಿತ್ರಕ್ಕೆ ಇವರ ಸ್ವರ ಒದಗಿತೆಂಬುದು ಸಣ್ಣ ಮಾತಲ್ಲ. ಮುಂದೆ ಅವರಿಬ್ಬರ 'ತಬ್ಬಲಿಯು ನೀನಾದೆ ಮಗನೆ', 1978ರಲ್ಲಿ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಚಿತ್ರಗಳಿಗೂ ಇವರದೇ ಸಂಗೀತ. ಶಂಕರ್ ನಾಗ್ ಬೆಳ್ಳಿತೆರೆಗೆ ಬಂದದ್ದು ಆ ಚಿತ್ರದಿಂದಲೇ.

ಇತ್ತ ಮರಾಠಿ ರಂಗಭೂಮಿಯಲ್ಲಿ ಇನ್ನೊಂದು ಸಂಚಲನ. ವಿಜಯ ತೆಂಡುಲ್ಕರರ 'ಘಾಶೀರಾಮ್ ಕೋತ್ವಾಲ್' 1972ರ ಡಿಸೆಂಬರ್ 16ರಂದು ಪುಣೆಯಲ್ಲಿ ಮೊದಲ ಬಾರಿಗೆ ರಂಗಕ್ಕೆ ಬಂತು. ನಿರ್ದೇಶನ ಜಬ್ಬಾರ್ ಪಟೇಲರದು, ನೃತ್ಯ ಸಂಯೋಜನೆ ಕೃಷ್ಣದೇವ ಮುಳಗುಂದರದು, ಸಂಗೀತ ಚಂದಾವರಕರರದು. ಚಂದಾವರ, ಮುಳಗುಂದ: ಎರಡೂ ನಮ್ಮ ನಾಡಿನ ಊರುಗಳ ಹೆಸರುಗಳೇ! ಸಾಲಾಗಿ ನಿಂತ ನಟರೇ ಗೋಡೆಯಾಗಿ, ತೆರೆಯಾಗಿ ಹಾಡುತ್ತ ಕುಣಿಯುತ್ತ ಕಥೆ ನಡೆಸುವ ನಾಟಕವದು. ಕೀರ್ತನೆ, ಲಾವಣಿಗಳ ಧಾಟಿಯನ್ನು ತೆಗೆದುಬಿಟ್ಟರೆ ನಾಟಕವೇ ನಿಲ್ಲದು. ಪೇಶವೆಗಳ ಪುಣೆಯನ್ನು ಕುಟುಕಿದ್ದಕ್ಕೆ ಇಲ್ಲಿ ತೀವ್ರ ವಿರೋಧವೆದ್ದು ಪ್ರಯೋಗಗಳು ನಿಂತವು. 1973ರಲ್ಲಿ ಕಲಾವಿದರು ಥಿಯೇಟರ್ ಅಕಾಡೆಮಿ ಕಟ್ಟಿಕೊಂಡರು, ಮುಂದೆ ನಾಟಕವನ್ನು ಮತ್ತೆ ಆಡಿದರು. 1980ರಲ್ಲಿ ನಾಟಕ ಯುರೋಪಿಗೂ ಹೋಗಿಬಂತು.

ಅಲ್ಲಿಂದ ಅವರು ಒಂದೇ ಭಾಷೆಗೆ ಕಟ್ಟುಬೀಳಲಿಲ್ಲ. ಮರಾಠಿಯಲ್ಲಿ ಜಬ್ಬಾರ್ ಪಟೇಲರ 'ಸಾಮನಾ' (1975), ಮಲಯಾಳದಲ್ಲಿ ಪುಣೆಯ ಇದೇ ಸಂಸ್ಥೆಯಲ್ಲಿ ಕಲಿತ ಕೆ. ಜಿ. ಜಾರ್ಜ್‌ರ 'ಸ್ವಪ್ನಾಡನಂ' (1976), ಹಿಂದಿಯಲ್ಲಿ ಮೃಣಾಲ್ ಸೇನರ 'ಖಂಡಹರ್', ಬಂಗಾಳಿಯಲ್ಲಿ ಅಪರ್ಣಾ ಸೇನರ 'ಪರಮಾ', ಹೀಗೆ ನಿರ್ದೇಶಕರು ಬದಲಾದಂತೆ ಭಾಷೆಯೂ ಬದಲಾಯಿತು. ಕೊಂಕಣದ ಹಳ್ಳಿಯಿಂದ ಮೊಮ್ಮಗನನ್ನು ಚಿಕಿತ್ಸೆಗಾಗಿ ನಗರಕ್ಕೆ ಕರೆತರುವ ಅಜ್ಜನ ಕಥೆ 'ಶ್ವಾಸ್' ದೇಶದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆದಾಗಲೂ ಅದರ ಸಂಗೀತ ಇವರದೇ. 2009ರ ಜುಲೈ 26ರಂದು ಅವರು ಪುಣೆಯಲ್ಲಿ ನಿಧನರಾದರು.

ಇವರು ಕನ್ನಡದವರೋ, ಮರಾಠಿಯವರೋ ಎಂದು ವಾದಿಸುವವರಿದ್ದಾರೆ. ಎರಡು ನುಡಿಗಳ ನಡುವೆ ಮಕ್ಕಳನ್ನು ಬೆಳೆಸುತ್ತಿರುವ ನಮ್ಮ ಮನೆಗಳಲ್ಲಿಯೂ ಈ ಪ್ರಶ್ನೆ ಆಗಾಗ ಏಳುತ್ತದೆ. ಚಂದಾವರಕರರ ಬಾಳು ಅದಕ್ಕೆ ಕೊಟ್ಟ ಉತ್ತರ ಸರಳ. ಅವರು ಯಾರ ಅಂಗಳದಲ್ಲಿ ಕೆಲಸಕ್ಕೆ ನಿಂತರೋ ಅವರ ನುಡಿಗೆ ಪೂರ್ತಿ ಕಿವಿಗೊಟ್ಟರು. ಹಾಗೆ ಕಿವಿಗೊಟ್ಟದ್ದರಿಂದ ಇನ್ನೊಂದು ನುಡಿಗೆ ಎರವಾಗಲಿಲ್ಲ. 'ವಂಶವೃಕ್ಷ'ವನ್ನೂ 'ಸಾಮನಾ'ವನ್ನೂ ಮಕ್ಕಳೊಡನೆ ಕುಳಿತು ಒಂದೊಂದು ಸಂಜೆ ನೋಡಿರಿ. ಹೆಸರುಗಳ ಪಟ್ಟಿ ಬರುವಾಗ ಮಾತ್ರ ಎದ್ದು ಹೋಗಬೇಡಿರಿ.