ಫ್ಲಾಪಿಯೊಳಗಿನ ದ್ವಾರಪಾಲಕ

ಚೆನ್ನೈನ ಅಣ್ಣಾ ಸಾಲೈಯಿಂದ ಒಳಕ್ಕೆ ತಿರುಗಿದರೆ ಸಿಗುವ ರಿಚ್ಚಿ ಸ್ಟ್ರೀಟ್ ಎಲೆಕ್ಟ್ರಾನಿಕ್ ಸಾಮಾನಿನ ಸಂತೆ. 2000ದ ಆಸುಪಾಸಿನಲ್ಲಿ, ಪೆಂಟಿಯಂ ಬಂದ ಮೇಲೆ ಮೂಲೆಗೆ ಸರಿದಿದ್ದ 486 ಕಂಪ್ಯೂಟರುಗಳು ಇಂಥ ಬೀದಿಗಳನ್ನು ಸೇರುತ್ತಿದ್ದವು. ಹೊಸ ವಿಂಡೋಸ್ ಓಡಿಸುವ ತ್ರಾಣ ಅವುಗಳಿಗಿರಲಿಲ್ಲ. ಆದರೆ ಎರಡು ನೆಟ್‌ವರ್ಕ್ ಕಾರ್ಡು ಅಥವಾ ಒಂದು ಕಾರ್ಡು ಮತ್ತು ಮೋಡೆಮ್, ಜೊತೆಗೊಂದು ಫ್ಲಾಪಿ ಡ್ರೈವು ಇದ್ದರೆ ಸಾಕು, ಇಡೀ ಕಚೇರಿಯನ್ನು ಇಂಟರ್ನೆಟ್ಟಿಗೆ ಕೂಡಿಸುವ ರೌಟರ್ ಆಗಬಲ್ಲವಾಗಿದ್ದವು. ಹಾರ್ಡ್ ಡಿಸ್ಕ್ ಬೇಡ, ಮಾನಿಟರ್ ಬೇಡ, ಕೀಬೋರ್ಡೂ ಬೇಡ. ಬೇಕಾದದ್ದೆಲ್ಲ 1.44 ಎಂಬಿಯ ಒಂದು ಫ್ಲಾಪಿಯಲ್ಲಿ.

ಪರದೆಯೇ ಇಲ್ಲದ ಯಂತ್ರದ ಜೊತೆ ಮಾತಾಡುವುದು ಹೇಗೆ? ದೂರದಿಂದ ಲಾಗಿನ್ ಆಗಿ. ಆ ಲಾಗಿನ್ನೇ ಕೆಟ್ಟರೆ ರೌಟರ್ ಓಡುತ್ತಲೇ ಇರುತ್ತದೆ, ಆದರೆ ಒಳಹೋಗುವ ದಾರಿ ಮುಚ್ಚಿರುತ್ತದೆ.

ದೂರದ ಯಂತ್ರಕ್ಕೆ ಲಾಗಿನ್ ಆಗುವುದು ಆ ಊರಿಗೆ ಹೊಸದೇನಲ್ಲ. 1986ರಲ್ಲಿ ಶುರುವಾದ ಅರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಐಐಎಸ್‌ಸಿಯ ಹಾಗೆ ಐಐಟಿ ಮದ್ರಾಸೂ ಪಾಲುದಾರ ಸಂಸ್ಥೆಯಾಗಿತ್ತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಾಗ ಮೊದಲು ಸಿಕ್ಕ ನಗರಗಳಲ್ಲಿ ಮದ್ರಾಸೂ ಒಂದು. ಅಂದಿನ ಅಗ್ಗದ ಖಾತೆಗೆ ಶೆಲ್ ಅಕೌಂಟ್ ಎಂದು ಹೆಸರು. ಮೋಡೆಮ್ಮಿನಿಂದ ಫೋನ್ ಮಾಡಿ, ವಿಎಸ್‌ಎನ್‌ಎಲ್‌ನ ಯುನಿಕ್ಸ್ ಯಂತ್ರಕ್ಕೆ ಲಾಗಿನ್ ಆಗಿ, ಚಿತ್ರವಿಲ್ಲದ ಬರೀ ಅಕ್ಷರಗಳ ಪರದೆಯಲ್ಲಿ ಇಮೇಲ್ ಓದಬೇಕು. ಆ ಖಾತೆ ಇದ್ದವರ ಪಾಲಿಗೆ ಇಂಟರ್ನೆಟ್ ಎಂದರೆ ಇನ್ನೊಬ್ಬರ ಯಂತ್ರದೊಳಗೆ ಹೋಗಿ ಕೂರುವುದೇ ಆಗಿತ್ತು.

1998ರ ನವೆಂಬರಿನಲ್ಲಿ ಖಾಸಗಿಯವರಿಗೂ ಇಂಟರ್ನೆಟ್ ಸೇವೆಯ ಪರವಾನಗಿ ಸಿಕ್ಕಿತು. ಚೆನ್ನೈನ ಸತ್ಯಂ ಇನ್ಫೋವೇ ಕೂಡಲೇ ಕಣಕ್ಕಿಳಿಯಿತು. ಸಂಪರ್ಕ ಹೆಚ್ಚಿದರೂ ಅದು ತುಟ್ಟಿಯೇ, ಒಂದು ಸಂಪರ್ಕವನ್ನು ಹತ್ತು ಮಂದಿ ಹಂಚಿಕೊಂಡರೆ ಮಾತ್ರ ಗಿಟ್ಟುವಂಥದು. ಕಂಪನಿಗಳ ರೌಟರುಗಳ ಬೆಲೆ ಸಣ್ಣ ಕಚೇರಿಗಳ ಕೈಗೆಟುಕುತ್ತಿರಲಿಲ್ಲ. ಡೇವ್ ಸಿನೆಜ್ ಆರಂಭಿಸಿದ ಲಿನಕ್ಸ್ ರೌಟರ್ ಪ್ರಾಜೆಕ್ಟ್ ಒದಗಿದ್ದು ಇಲ್ಲಿ. ಇಡೀ ವ್ಯವಸ್ಥೆಯನ್ನು ಒತ್ತಿ ಫ್ಲಾಪಿಯಲ್ಲಿ ತುಂಬುವುದು, ಯಂತ್ರ ಏಳುವಾಗ ಅದನ್ನು ರ್‍ಯಾಮಿನಲ್ಲಿ ಬಿಚ್ಚಿಕೊಳ್ಳುವುದು, ಆಮೇಲೆ ಫ್ಲಾಪಿಯ ಗೊಡವೆಯಿಲ್ಲದೆ ಓಡುವುದು. ಆ ಪ್ರಾಜೆಕ್ಟ್ 2003ರಲ್ಲಿ ನಿಂತಿತು. ಅಷ್ಟರಲ್ಲಿ ಅದರ ಕವಲಾದ ಲೀಫ್ ಮತ್ತು ಲೀಫ್‌ನ ಬೆರಿಂಗ್ ಎಂಬ ಆವೃತ್ತಿ ಬೇರೂರಿದ್ದವು.

ಲಾಗಿನ್ನಿಗೆ ಹಳೆಯ ದಾರಿ ಟೆಲ್ನೆಟ್. ಅದು 1969ರಷ್ಟು ಹಿಂದಿನದು, ಪಾಸ್‌ವರ್ಡನ್ನು ಪೋಸ್ಟ್ ಕಾರ್ಡಿನಲ್ಲಿ ಬರೆದಂತೆ ಬಿಚ್ಚಾಗಿ ಕಳಿಸುವಂಥದು. ನಡುದಾರಿಯಲ್ಲಿ ಯಾರು ಬೇಕಾದರೂ ಓದಬಹುದು. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೆಯೇ ಪಾಸ್‌ವರ್ಡುಗಳ ಕಳವಾಯಿತು. ಅಲ್ಲಿದ್ದ ತಾತು ಯ್ಲೋನೆನ್ ಅದಕ್ಕೆ ಉತ್ತರವಾಗಿ ಎಸ್‌ಎಸ್‌ಎಚ್ ಬರೆದರು. ಎಫ್‌ಟಿಪಿಯ 21 ಮತ್ತು ಟೆಲ್ನೆಟ್ಟಿನ 23ರ ನಡುವೆ ಖಾಲಿಯಿದ್ದ 22ನೇ ಪೋರ್ಟನ್ನು ಅದಕ್ಕೆ ಕೇಳಿ ಪಡೆದರು. 1999ರಲ್ಲಿ ಓಪನ್‌ಬಿಎಸ್‌ಡಿ ತಂಡ ಓಪನ್ ಎಸ್‌ಎಸ್‌ಎಚ್ ಹೊರತಂದ ಮೇಲೆ ಅದು ಎಲ್ಲರ ಕೈಗೂ ಮುಕ್ತವಾಗಿ ಸಿಕ್ಕಿತು. ಆದರೆ ಫ್ಲಾಪಿಯ ಲೆಕ್ಕದಲ್ಲಿ ಅದು ದಢೂತಿ. 1.44 ಎಂಬಿಯ ಫ್ಲಾಪಿಯನ್ನು 1680 ಕೆಬಿಗೆ ಎಳೆದು ಫಾರ್ಮ್ಯಾಟ್ ಮಾಡಿ, ಬೇಡದ್ದನ್ನು ಕಿತ್ತು, ಜಾಗ ಮಾಡಬೇಕಾಗುತ್ತಿತ್ತು.

ಹೀಗೆ ಕಷ್ಟಪಟ್ಟು ತುರುಕಿದ ಸೇವೆ ಕೆಲಸ ಮಾಡದಿದ್ದರೆ? ಬಾಗಿಲು ತಟ್ಟಿದಾಗ ಒಳಗಿಂದ ಏನು ಕೇಳಿಸುತ್ತದೆ ಎನ್ನುವುದೇ ಮೊದಲ ಸುಳಿವು.

‘ಸಂಪರ್ಕ ನಿರಾಕರಿಸಲಾಗಿದೆ’ ಎಂಬ ಉತ್ತರ ತಕ್ಷಣ ಬಂದರೆ, ಹೆಚ್ಚಾಗಿ ಮನೆ ಇದೆ, ಬಾಗಿಲಲ್ಲಿ ಆಳಿಲ್ಲ ಎಂದರ್ಥ. ಎಸ್‌ಎಸ್‌ಎಚ್ ಸೇವೆ ಶುರುವೇ ಆಗಿಲ್ಲ. ಅದು ನೆಚ್ಚಿಕೊಂಡ ಜಿಪ್ ಲೈಬ್ರರಿಯ ಪ್ಯಾಕೇಜು ಫ್ಲಾಪಿಗೆ ಸೇರದಿದ್ದರೆ ಹೀಗಾಗುತ್ತದೆ. ರೌಟರಿನ ಗುರುತಿನ ಕೀಲಿಗಳು ಇನ್ನೂ ತಯಾರಾಗದಿದ್ದರೂ ಹೀಗೆಯೇ. 486ರಲ್ಲಿ ಆ ಕೀಲಿ ತಯಾರಾಗಲು ನಿಮಿಷಗಟ್ಟಲೆ ಹಿಡಿಯುತ್ತಿತ್ತು. ಯಂತ್ರ ಸತ್ತಿತೆಂದು ನಡುವೆಯೇ ಸ್ವಿಚ್ ಆರಿಸಿದವರು ಮತ್ತೆ ಮೊದಲಿಂದ ಶುರುಮಾಡಬೇಕಿತ್ತು.

ಉತ್ತರವೇ ಇಲ್ಲದ ಮೌನವಾದರೆ ಅನುಮಾನ ಫೈರ್‌ವಾಲ್ ಮೇಲೆ. 22ನೇ ಪೋರ್ಟಿಗೆ ಅನುಮತಿಯ ಸಾಲು ಬರೆಯದಿದ್ದರೆ ಅದು ಬಂದ ಪೊಟ್ಟಣವನ್ನು ಸದ್ದಿಲ್ಲದೆ ಎಸೆಯುತ್ತದೆ. ಡಯಲ್ ಅಪ್‌ನಲ್ಲಿ ಇನ್ನೊಂದು ತೊಡಕು: ಪ್ರತಿ ಸಲ ಕರೆ ಸೇರಿದಾಗ ವಿಳಾಸ ಬದಲಾಗುತ್ತದೆ, ನಿನ್ನೆಯ ವಿಳಾಸಕ್ಕೆ ತಟ್ಟಿದರೆ ಅದು ಬೇರೆ ಯಾರದೋ ಬಾಗಿಲು.

ಬಾಗಿಲು ತೆರೆದು ಕೂಡಲೇ ಮುಚ್ಚಿದರೆ ಯಾರನ್ನು ಬಿಡಬೇಕು ಎಂಬ ಪಟ್ಟಿಯನ್ನು ನೋಡಬೇಕು. ತಟ್ಟಿದವರ ವಿಳಾಸ ಅದರಲ್ಲಿರುವುದಿಲ್ಲ. ಬಹಳ ಹೊತ್ತು ಕಾಯಿಸಿ ಪಾಸ್‌ವರ್ಡ್ ಕೇಳಿದರೆ, ಬಂದವರ ಹೆಸರನ್ನು ಡಿಎನ್‌ಎಸ್‌ನಲ್ಲಿ ಹುಡುಕಿ ಸುಸ್ತಾದ ಲಕ್ಷಣ.

ಎಲ್ಲಕ್ಕಿಂತ ತಲೆ ತಿನ್ನುತ್ತಿದ್ದುದು ಇಂದು ಸರಿಯಿದ್ದು ನಾಳೆ ಕೈಕೊಡುವ ದೋಷ. ರೌಟರಿನಲ್ಲಿ ಮಾಡಿದ ಬದಲಾವಣೆಯೆಲ್ಲ ಇರುವುದು ರ್‍ಯಾಮಿನಲ್ಲಿ. ಮೆನುವಿಗೆ ಹೋಗಿ, ಬದಲಾದ ಪ್ಯಾಕೇಜನ್ನು ಮತ್ತೆ ಫ್ಲಾಪಿಗೆ ಬರೆಸದಿದ್ದರೆ, ಕರೆಂಟು ಹೋದಾಗ ಅದೂ ಹೋಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

2002ರ ಜೂನಿನಲ್ಲಿ ಈ ಪಾಠ ದುಬಾರಿಯಾಯಿತು. ಓಪನ್ ಎಸ್‌ಎಸ್‌ಎಚ್‌ನಲ್ಲಿ ಗಂಭೀರ ರಂಧ್ರವೊಂದು ಬಯಲಾಗಿ, ಎಲ್ಲರೂ 3.4ನೇ ಆವೃತ್ತಿಗೆ ಬದಲಾಗಲು ಅವಸರಪಟ್ಟರು. ಹೊಸ ಆವೃತ್ತಿ ತನ್ನ ಕೆಲಸವನ್ನು ಎರಡಾಗಿ ಒಡೆದು, ಹೊರಗಿನವರ ಜೊತೆ ಮಾತಾಡುವ ಭಾಗವನ್ನು ಅಧಿಕಾರವಿಲ್ಲದ ಬಳಕೆದಾರನ ಹೆಸರಲ್ಲಿ ಓಡಿಸುತ್ತಿತ್ತು. ಆ ಬಳಕೆದಾರ ಯಂತ್ರದಲ್ಲಿ ಇಲ್ಲದಿದ್ದರೆ ಸೇವೆ ಏಳುತ್ತಲೇ ಇರಲಿಲ್ಲ. ಫ್ಲಾಪಿ ರೌಟರಿನಲ್ಲಿ ಬಳಕೆದಾರರ ಪಟ್ಟಿ ಇರುವುದು ಒಂದು ಪ್ಯಾಕೇಜಿನಲ್ಲಿ, ಎಸ್‌ಎಸ್‌ಎಚ್ ಇರುವುದು ಇನ್ನೊಂದರಲ್ಲಿ. ಎಸ್‌ಎಸ್‌ಎಚ್ ಮಾತ್ರ ಉಳಿಸಿ ಪಟ್ಟಿಯನ್ನು ಮರೆತರೆ, ಮುಂದಿನ ಸಲ ಯಂತ್ರ ಎದ್ದಾಗ ಬಾಗಿಲು ಬಂದ್. ದೋಷ ಒಂದು ಕಡೆ, ಅದು ಕಾಣುವುದು ಇನ್ನೊಂದು ಕಡೆ.

ಇದರ ನಡುವೆ ಒಂದು ಸಣ್ಣ ಪ್ಲಾಸ್ಟಿಕ್ ತುಂಡಿನ ಕತೆಯೂ ಇದೆ. ಫ್ಲಾಪಿಯ ಮೂಲೆಯಲ್ಲಿ ಜಾರುವ ಒಂದು ಚೂರನ್ನು ಸರಿಸಿದರೆ ಅದರ ಮೇಲೆ ಏನನ್ನೂ ಬರೆಯಲಾಗದು. ಇಂಥ ರೌಟರುಗಳ ದೊಡ್ಡ ಬಲ ಇದೇ: ಯಾರಾದರೂ ಒಳನುಗ್ಗಿ ಕೆಡಿಸಿದರೂ ಫ್ಲಾಪಿ ಕೆಡದು. ಆರಿಸಿ ಹೊತ್ತಿಸಿದರೆ ಯಂತ್ರ ಮತ್ತೆ ಮಡಿ. ಆದರೆ ಅದೇ ಚೂರು ಸರಿದಿದ್ದರೆ ಹೊಸದಾಗಿ ತಯಾರಾದ ಗುರುತಿನ ಕೀಲಿಯೂ ಉಳಿಯದು. ಆಗ ಪ್ರತಿ ಸಲ ಕರೆಂಟು ಹೋಗಿ ಬಂದಾಗಲೂ ಹೊಸ ಕೀಲಿ ಮಾಡಬೇಕು. ಲಾಗಿನ್ ಆಗಲು ಬಂದವರಿಗೆ ಪ್ರತಿ ಸಲವೂ ‘ಈ ಯಂತ್ರದ ಗುರುತು ಬದಲಾಗಿದೆ, ನಡುವೆ ಯಾರೋ ಕೂತು ಕದ್ದು ಕೇಳುತ್ತಿರಬಹುದು’ ಎಂಬ ಎಚ್ಚರಿಕೆ.

ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕತೆಯೇ ಇದು. ನಾಲ್ಕು ಸಲ ಸುಳ್ಳಾದ ಎಚ್ಚರಿಕೆಯನ್ನು ಐದನೆಯ ಸಲ ಯಾರೂ ಓದುವುದಿಲ್ಲ, ಹಳೆಯ ಕೀಲಿ ಅಳಿಸಿ ಮುಂದೆ ಹೋಗುತ್ತಾರೆ. ನಿಜವಾದ ಕಳ್ಳ ಬಂದಾಗಲೂ ಅಷ್ಟೇ. ಇನ್ನು ಬೇಸತ್ತು ಟೆಲ್ನೆಟ್ಟಿಗೇ ಮರಳಿದರೆ, ಯಾವ ಕಳ್ಳತನಕ್ಕೆ ಹೆದರಿ ಎಸ್‌ಎಸ್‌ಎಚ್ ಹುಟ್ಟಿತೋ ಅದಕ್ಕೆ ಬಾಗಿಲು ತೆಗೆದಂತೆ. ಸರಿಯಾದ ಕ್ರಮ ಸರಳ: ಬರೆಯಲು ಬರುವಂತೆ ಚೂರು ಸರಿಸಿ, ಕೀಲಿಯನ್ನು ಒಮ್ಮೆ ಬರೆಸಿ, ಬರೆಯಲಾಗದಂತೆ ಚೂರನ್ನು ಮತ್ತೆ ಸರಿಸಿ, ಒಮ್ಮೆ ಯಂತ್ರ ಆರಿಸಿ ಹೊತ್ತಿಸಿ ಪರೀಕ್ಷಿಸುವುದು. ಆಮೇಲೆ ಆ ಫ್ಲಾಪಿಯನ್ನೇ ಬೀಗದ ಕೈಯಂತೆ ಕಾಯುವುದು. ಅದರ ನಕಲು ಸಿಕ್ಕವರು ರೌಟರಿನ ವೇಷ ಹಾಕಬಲ್ಲರು.

2003ರಲ್ಲಿ ಆಸ್ಟ್ರೇಲಿಯದ ಮ್ಯಾಟ್ ಜಾನ್‌ಸ್ಟನ್ ಬರೆದ ಡ್ರಾಪ್‌ಬೇರ್ ಎಂಬ ಪುಟ್ಟ ಎಸ್‌ಎಸ್‌ಎಚ್ ಬಂದು ಜಾಗದ ಸಂಕಟ ಕಡಿಮೆಯಾಯಿತು. ಅಷ್ಟರಲ್ಲಿ ಚೆನ್ನೈನ ಕಡಲ ತಡಿಯ ಚಿತ್ರವೇ ಬದಲಾಗಿತ್ತು. 2002ರಲ್ಲಿ ಅಲ್ಲಿಂದ ಸಿಂಗಪುರಕ್ಕೆ ಸುಮಾರು 3,200 ಕಿಲೋಮೀಟರಿನ ಐ2ಐ ಕೇಬಲ್ ಸಮುದ್ರದಡಿ ಹಾದುಹೋಗಿತ್ತು, ಅದರ ವಿನ್ಯಾಸದ ಸಾಮರ್ಥ್ಯ ಸೆಕೆಂಡಿಗೆ 8.4 ಟೆರಾಬಿಟ್. ಫ್ಲಾಪಿಗಳ ಕಾಲ ಮುಗಿಯುತ್ತ ಬಂದಿತ್ತು.

ಡ್ರಾಪ್‌ಬೇರ್ ಮಾತ್ರ ಮುಗಿಯಲಿಲ್ಲ. ಮನೆಯ ವೈಫೈ ಡಬ್ಬಿಗಳಿಗೆಂದೇ ಇರುವ ಓಪನ್‌ಡಬ್ಲ್ಯುಆರ್‌ಟಿಯಂಥ ಲಿನಕ್ಸ್‌ಗಳಲ್ಲಿ ಅದು ಈಗಲೂ ಬಾಗಿಲು ಕಾಯುತ್ತಿದೆ. ಫ್ಲಾಪಿಯ ಜಾಗದಲ್ಲಿ ಫ್ಲ್ಯಾಶ್ ಚಿಪ್ ಬಂದಿದೆ, ಬರೆಯದಂತೆ ತಡೆಯುವ ಪ್ಲಾಸ್ಟಿಕ್ ಚೂರು ಹೋಗಿದೆ. ಗುರುತು ಬದಲಾಗಿದೆ ಎಂಬ ಎಚ್ಚರಿಕೆ ಮಾತ್ರ ಹಾಗೆಯೇ ಉಳಿದಿದೆ, ಅದನ್ನು ಓದದೆ ಮುಂದೆ ಹೋಗುವ ಅಭ್ಯಾಸವೂ.