ಹಿಡಿಯೋದಾ, ಬಿಡೋದಾ?

ಬೂದಿಕೋಟೆಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಹೇಳಿಕೊಡುವ ಹೆಂಗಸೊಬ್ಬರಿದ್ದಾರೆ. ಕಾಲೇಜಿನ ಹುಡುಗಿಯೊಬ್ಬಳು ಆನ್‌ಲೈನಿನಲ್ಲಿ ತರಿಸಿದ ಕುರ್ತಾ ತಂದು, “ಅಕ್ಕಾ, ಇದನ್ನ ಆಲ್ಟ್ರೇಷನ್ ಮಾಡೋದು ಹೇಳ್ಕೊಡ್ತೀರಾ?” ಅಂದಳು. ಅಕ್ಕ ಮಿಷಿನ್ನಿನಿಂದ ತಲೆ ಎತ್ತದೆ, “ಹಿಡೀಬೇಕಾ, ಬಿಡಬೇಕಾ?” ಎಂದರು. ಹುಡುಗಿ ಕಕ್ಕಾಬಿಕ್ಕಿ. “ಆಲ್ಟ್ರೇಷನ್ ಅಕ್ಕಾ” ಎಂದು ಇನ್ನಷ್ಟು ಗಟ್ಟಿಯಾಗಿ ಹೇಳಿದಳು.

ಬೂದಿಕೋಟೆ ಹೈದರಾಲಿ ಹುಟ್ಟಿದೂರು ಅನ್ನೋದು ಎಲ್ಲರಿಗೂ ಗೊತ್ತು. ಊರಿನವರಿಗೆ ರೇಡಿಯೊ ಪರವಾನಗಿ ಸಿಗದ ಕಾಲದಲ್ಲಿ ಕೇಬಲ್ಲಿನಲ್ಲೇ ಮನೆಮನೆಗೆ ತಮ್ಮ ಮಾತು ಮುಟ್ಟಿಸಿದ ‘ನಮ್ಮ ಧ್ವನಿ’ಯ ಊರೂ ಇದೇ. ಇಲ್ಲೇ ಹಿಡಿ, ಬಿಡು ಅರ್ಥವಾಗದೆ ಹೋದರೆ ಇನ್ನೆಲ್ಲಿ ಹೋಗೋಣ? ಹಿಡಿಯೋದು ಎಂದರೆ ಸಡಿಲ ಬಟ್ಟೆಯನ್ನು ಬಿಗಿ ಮಾಡೋದು. ಬಿಡೋದು ಎಂದರೆ ಬಿಗಿಯನ್ನು ಸಡಿಲಿಸೋದು. ಒಂದಕ್ಕೊಂದು ತಿರುಗುಮುರುಗಾದ ಎರಡು ಕೆಲಸಗಳನ್ನೂ ಆಲ್ಟ್ರೇಷನ್ ಒಂದೇ ಗಂಟಿಗೆ ಕಟ್ಟಿ ಕೂತಿದೆ.

‘ಪಿಡಿ’ ಹೇಗೆ ‘ಹಿಡಿ’ ಆಯಿತೆಂಬುದನ್ನು ನಿಘಂಟಿನವರಿಗೆ ಬಿಡುತ್ತೇನೆ. ನನ್ನ ವಾದವೇ ಬೇರೆ. ‘ಆ ಹುಡುಗ ನನಗೆ ಹಿಡಿಸಿದ’ ಎನ್ನುತ್ತೇವಲ್ಲ, ಆ ಹಿಡಿಸು ಹುಟ್ಟಿದ್ದು ಹೊಲಿಗೆಯವರ ಮನೆಯಲ್ಲಿ. ಅಳತೆಗೆ ಹಿಡಿದು ಹೊಲಿದ ರವಿಕೆ ಮೈಗೆ ಹಿಡಿಸಿತು, ಆಮೇಲೆ ಮನಸ್ಸಿಗೂ ಹಿಡಿಸಿತು. ಪಕ್ಕದ ಕೋಲಾರ ಚಿನ್ನದ ಗಣಿಯ ತಮಿಳರೂ ಮೆಚ್ಚಿದ್ದಕ್ಕೆ ‘ಪಿಡಿಚಿರುಕ್ಕು’ ಎನ್ನುತ್ತಾರೆ ನೋಡಿ. ನಮ್ಮವರು ಉಡುತ್ತಿದ್ದುದು ಹೊಲಿಯದ ಸೀರೆ, ಪಂಚೆ ಎಂದು ಪಂಡಿತರು ತಕರಾರು ತೆಗೆಯಬಹುದು. 12ನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ಹೆಸರೇ ಇದೆ ಸ್ವಾಮಿ. ಸೂಜಿ ಇದ್ದ ಮೇಲೆ ಹಿಡಿಯೋದೂ ಇರಲೇಬೇಕು. ಈಗಿನವರಿಗಂತೂ ಏನೂ ಹಿಡಿಸುವುದಿಲ್ಲ, ಎಲ್ಲ ‘ಲೈಕ್’ ಆಗುತ್ತದೆ.

ಇದೇ ಸಿಟ್ಟಿನಲ್ಲಿ ಒಂದು ಗಾದೆಯ ಮೇಲೂ ಹರಿಹಾಯುತ್ತೇನೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’. ಸೂಜಿ ಮುಟ್ಟದ ಗಂಡಸು ಕಟ್ಟಿದ ಗಾದೆ ಇದು, ಅನುಮಾನವೇ ಇಲ್ಲ. ನಮ್ಮ ಅಜ್ಜಿಯರ ಬೊಂತೆ ನೆನಪಿಸಿಕೊಳ್ಳಿ. ಹಳೆ ಸೀರೆ, ಹರಿದ ಪಂಚೆ ಪದರ ಪದರವಾಗಿ ಹಾಸಿ, ಅಂಚಿನಿಂದ ಅಂಚಿಗೆ ಸಾಲು ಹೊಲಿಗೆ ಹಾಕುತ್ತಿದ್ದರು. ಮೊಮ್ಮಗ ಉದ್ದ ಬೆಳೆದರೆ ಕಾಲ ಕಡೆ ಇನ್ನರ್ಧ ಸೀರೆ ಕೂಡಿಸಿದರಾಯಿತು, ಹಾಸಿಗೆಯೂ ಬೆಳೆಯಿತು. ಸ್ಕೂಲಿನ ನಿಕ್ಕರು, ಲಂಗದ ಅಂಚನ್ನು ನಾಲ್ಕು ಬೆರಳು ಒಳಗೆ ಮಡಿಚಿ ಹೊಲಿಸಿ, ಜೂನ್ ಬಂದಾಗಲೆಲ್ಲ ಒಂದು ಮಡಿಕೆ ಬಿಡುತ್ತಿದ್ದವರೂ ಅವರೇ. ಬಿಸಿಲಿಗೆ ಮಾಸಿದ ನೀಲಿ ಲಂಗದ ಕೆಳಗೆ ಮಾಸದ ಕಡುನೀಲಿಯ ಪಟ್ಟಿ ಕಾಣುತ್ತಿತ್ತು. ಎಷ್ಟು ಪಟ್ಟಿಯೋ ಅಷ್ಟು ವರ್ಷ ಲೆಕ್ಕ. ಅಂಥ ಮನೆಯಲ್ಲಿ ಕಾಲು ಮುದುರಿಕೋ ಎಂದು ಯಾರು ಹೇಳುತ್ತಾರೆ? ಆ ಗಾದೆ ಸಾಲ ಕೊಡುವವನಿಗೆ, ಬಜೆಟ್ ಓದುವವನಿಗೆ ಇರಲಿ.

ಅಕ್ಕ ಕುರ್ತಾವನ್ನು ಒಳಮೈ ಹೊರಗೆ ಮಾಡಿ, ಹುಡುಗಿಯ ಅಳತೆ ಕುರ್ತಾವನ್ನು ಅದರ ಮೇಲೆ ಹಾಸಿ, ಕಂಕುಳಿನಿಂದ ಸೊಂಟದವರೆಗೆ ಚಾಕಿನಲ್ಲಿ ಗೆರೆ ಎಳೆದರು. “ಎರಡೂ ಪಕ್ಕ ಅರ್ಧರ್ಧ ಇಂಚು ಹಿಡಿ. ಮುಂದೆ ಹಿಂದೆ ಸೇರಿ ಸುತ್ತಳತೇಲಿ 2 ಇಂಚು ಹೋಗತ್ತೆ. ಗೊತ್ತಿಲ್ಲದೋರು ಪಕ್ಕಕ್ಕೆ 2 ಇಂಚು ಹಿಡಿದು, ಉಸಿರಾಡಕ್ಕಾಗದೆ ಇಲ್ಲಿಗೆ ಬರ್ತಾರೆ.” ಮೊದಲು ಕೈಹೊಲಿಗೆ, ತೊಟ್ಟು ನೋಡಿದ ಮೇಲೆ ಮಿಷಿನ್, ಕತ್ತರಿ ಎಲ್ಲಕ್ಕಿಂತ ಕೊನೆಗೆ. ಹೇಳಿದ್ದು ಇಷ್ಟೇ.

ಬಿಡೋದನ್ನು ಕಲಿಸಲು ಆ ಕುರ್ತಾದಲ್ಲಿ ಬಟ್ಟೆಯೇ ಇರಲಿಲ್ಲ. ರೆಡಿಮೇಡಿನ ಹಣೆಬರಹವೇ ಅದು. ಓವರ್‌ಲಾಕ್ ಪಕ್ಕದಲ್ಲಿ ಕೂದಲೆಳೆಯಷ್ಟು ಅಂಚು, ಹಿಡಿಯಬಹುದು, ಬಿಡುವಂತಿಲ್ಲ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿದ ಮೇಲೆ ಈ ಸೀಮೆಯಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರು ಇನ್ನಷ್ಟು ಹೆಚ್ಚಿದರು. ಅವರಲ್ಲಿ ಗಾರ್ಮೆಂಟ್ಸಿಗೆ ಹೋದವರ ಪಾಲಿಗೆ ಬಂದದ್ದು ದಿನವಿಡೀ ಒಂದೇ ಕಾಲರು, ಇಲ್ಲವೇ ಒಂದೇ ತೋಳು. ಇಡೀ ಅಂಗಿ ಬಿಚ್ಚಿ ಕೂಡಿಸುವ ವಿದ್ಯೆ ಆ ಲೈನಿನಲ್ಲಿಲ್ಲ, ಅದು ಇಂಥ ಮನೆ ಕೋಣೆಗಳಲ್ಲೇ ಉಳಿದಿದೆ.

ಊರಿನ ಟೈಲರು ಹೊಲಿದ ರವಿಕೆಯನ್ನು ಒಮ್ಮೆ ತಿರುಗಿಸಿ ನೋಡಿ. ಪಕ್ಕದಲ್ಲಿ ಒಂದರ ಪಕ್ಕ ಒಂದು ಮೂರು ಹೊಲಿಗೆ ಇರುತ್ತವೆ. ಮೈ ಬಂದ ಹಾಗೆ ಒಂದೊಂದೇ ಬಿಚ್ಚಿಕೊಳ್ಳಲಿ ಎಂದು. ಮುಂದಿನ ಸಲ ಬಟ್ಟೆ ಕೊಡುವಾಗ ‘ಆಲ್ಟ್ರೇಷನ್ ಮಾರ್ಜಿನ್’ ಎನ್ನಬೇಡಿ. ಒಳಗೆ ಒಂದಿಂಚು ಬಟ್ಟೆ ಬಿಡಿ ಅನ್ನಿ, ಬಿಡುತ್ತಾರೆ.