ಎನ್‌ಟಿಎಂ ಶಾಲೆಯಿಂದ ವಿವೇಕ ಸ್ಮಾರಕಕ್ಕೆ
ನಾರಾಯಣಶಾಸ್ತ್ರಿ ರಸ್ತೆ, ಮೈಸೂರು

1892ರಲ್ಲಿ ಮೈಸೂರಿಗೆ ಬಂದ ಸ್ವಾಮಿ ವಿವೇಕಾನಂದರು ಇಲ್ಲಿನ ನಿರಂಜನ ಮಠದಲ್ಲಿ ತಂಗಿದ್ದರು. ಮರುವರ್ಷವೇ ಅವರು ಷಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದರು.

ಮಠದ ಪಕ್ಕದಲ್ಲೇ ಮಹಾರಾಣಿಯವರ ಹೆಸರು ಹೊತ್ತ ಎನ್‌ಟಿಎಂ ಶಾಲೆಯಿತ್ತು. ನೂರು ವರ್ಷ ದಾಟಿದ ಈ ಸರ್ಕಾರಿ ಕನ್ನಡ ಶಾಲೆಯಲ್ಲಿ ಅಗ್ರಹಾರದ ಸುತ್ತಲಿನ ಬೀದಿಗಳ ಮಕ್ಕಳು ಅಕ್ಷರ ಕಲಿತರು.

ವಿವೇಕಾನಂದರ ಸ್ಮಾರಕಕ್ಕಾಗಿ ಸರ್ಕಾರ ಶಾಲೆಯ ಈ ಜಾಗವನ್ನು ರಾಮಕೃಷ್ಣ ಆಶ್ರಮಕ್ಕೆ ಕೊಟ್ಟಾಗ ಊರು ಎರಡಾಯಿತು. ಸ್ಮಾರಕವಾಗಲಿ ಎಂದರು ಕೆಲವರು. ಸ್ಮಾರಕ ಬರಲಿ, ಶಾಲೆಯೂ ಉಳಿಯಲಿ ಎಂದು ಧರಣಿ ಕೂತರು ಕನ್ನಡ ಹೋರಾಟಗಾರರು, ಸಾಹಿತಿಗಳು. ವಿವಾದ ಹೈಕೋರ್ಟಿನವರೆಗೂ ಹೋಯಿತು.

2022ರ ಫೆಬ್ರುವರಿಯಲ್ಲಿ ಶಾಲೆಯ ಕಟ್ಟಡವನ್ನು ಕೆಡವಲಾಯಿತು. ಅದೇ ನೆಲದಲ್ಲಿ ಎದ್ದದ್ದು ವಿವೇಕ ಸ್ಮಾರಕ. ಒಂದೇ ಜಾಗಕ್ಕೆ ಎರಡು ನೆನಪು: ಒಬ್ಬ ಸಂನ್ಯಾಸಿಯದು, ಸಾವಿರಾರು ಮಕ್ಕಳದು.